ಗಿಡಕ್ಕೆ ನೀರು ಹಾಕುವುದಕ್ಕೆ ಪದವಿ ಬೇಕೇ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಎಸ್ಸಿ. ಸಸ್ಯಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಯಾವುದಾದರೂ ಸಸ್ಯೋದ್ಯಾನದಲ್ಲಿ ನಮ್ಮ ನಾಡಿನ ಕಾಡುಗಿಡಗಳನ್ನು ನೋಡಿಕೊಳ್ಳುವ ಕೆಲಸ ಮಾಡಬೇಕೆಂಬ ಆಸೆಯಿದೆ. "ಗಿಡಕ್ಕೆ ನೀರು ಹಾಕುವುದಕ್ಕೆ ಡಿಗ್ರಿ ಯಾಕೆ, ನಮ್ಮ ತೋಟವೇ ಇದೆಯಲ್ಲ" ಎಂದು ಅಪ್ಪ ಹೇಳುತ್ತಾರೆ. ಆ ಕೆಲಸ ನಿಜಕ್ಕೂ ಹೇಗಿರುತ್ತದೆ? ಮುಂದೆ ಏನು ಓದಬೇಕು? ಕನ್ನಡ ಮಾಧ್ಯಮದವರಿಗೆ ಕೇರಳದಲ್ಲಿ ಅವಕಾಶವಿದೆಯೇ? ಇನ್ನೊಂದು ಸಣ್ಣ ಸಂಶಯ: ಮೂರು ವರ್ಷಗಳಿಂದ ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರದ ಬೀಜ ಹಾಕುತ್ತಿದ್ದೇನೆ, ಒಂದೂ ಮೊಳೆಯಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ತಂದೆಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಮೂವತ್ತು ವರ್ಷಕ್ಕೂ ಮೀರಿ ನಾನು ಈ ಕೆಲಸದಲ್ಲಿದ್ದೆ. ಮೊದಲ ಎರಡು ವರ್ಷ ಮಾಡಿದ್ದು ಹೆಚ್ಚಾಗಿ ಕಳೆ ಕೀಳುವುದು, ತೊಟ್ಟೆಗಳಿಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಗಳಿಗೆ) ಮಣ್ಣು ತುಂಬುವುದು, ನೀರು ಹಾಕುವುದು, ಮತ್ತು ಮಳೆಗಾಲದಲ್ಲಿ ನೀರು ನಿಲ್ಲದಂತೆ ಕಣಿ ತೋಡಿಸುವುದು. ಪೆರ್ಲದ ಅಡಿಕೆ ತೋಟದಲ್ಲಿ ಬೆಳೆದ ನನಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಆದರೆ ಅಡಿಕೆ ತೋಟದಲ್ಲಿ ಒಂದು ಸಸಿ ಸತ್ತರೆ ಅದೇ ಜಾಗದಲ್ಲಿ ಇನ್ನೊಂದನ್ನು ನೆಟ್ಟರೆ ಆಯಿತು. ಸಸ್ಯೋದ್ಯಾನದಲ್ಲಿ ಸತ್ತ ಸಸಿಯ ಬದಲಿಗೆ ಅದೇ ಜಾತಿಯ ಬೇರೊಂದನ್ನು ತಂದು ನೆಟ್ಟರೆ ಜಾಗ ತುಂಬುತ್ತದೆಯೇ ಹೊರತು ನಷ್ಟ ತುಂಬುವುದಿಲ್ಲ. ಏಕೆ ತುಂಬುವುದಿಲ್ಲ ಎಂಬುದು ಅರ್ಥವಾದರೆ ಈ ವೃತ್ತಿ ಅರ್ಥವಾದಂತೆ.

ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಹೂವಿನ ಚಂದದಲ್ಲಿಲ್ಲ, ರಿಜಿಸ್ಟರಿನಲ್ಲಿದೆ. ಒಂದು ಬೀಜವೋ ಗೆಡ್ಡೆಯೋ ಕೊಂಬೆಯೋ ಗೇಟಿನ ಒಳಗೆ ಬಂದ ದಿನವೇ ಅದಕ್ಕೊಂದು ದಾಖಲಾತಿ ಸಂಖ್ಯೆ ಬೀಳುತ್ತದೆ: ಯಾವ ವರ್ಷ, ಆ ವರ್ಷದ ಎಷ್ಟನೆಯ ಸಂಗ್ರಹ. ಆ ಸಂಖ್ಯೆಯ ಮುಂದೆ ಅದನ್ನು ಯಾವ ಕಾಡಿನಲ್ಲಿ, ಯಾವ ತೋಡಿನ ದಡದಲ್ಲಿ, ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿ, ಯಾರು, ಯಾವ ದಿನ ಸಂಗ್ರಹಿಸಿದರು, ಪಕ್ಕದಲ್ಲಿ ಏನೇನು ಗಿಡಗಳಿದ್ದವು, ಒಂದೇ ಮರದಿಂದ ತಂದದ್ದೋ ಹಲವು ಮರಗಳಿಂದ ತಂದದ್ದೋ ಎಂಬುದೆಲ್ಲ ಬರೆದಿರಬೇಕು. ಅದೇ ಗಿಡದ ಒಣಗಿಸಿದ ಮಾದರಿ ಹರ್ಬೇರಿಯಂನಲ್ಲಿ ಇರಬೇಕು, ಏಕೆಂದರೆ ಇಂದು ನಾವಿಟ್ಟ ಹೆಸರು ತಪ್ಪೆಂದು ಐವತ್ತು ವರ್ಷದ ಮೇಲೆ ಯಾರಾದರೂ ಕಂಡುಕೊಂಡರೆ ಹೋಲಿಸಿ ನೋಡುವುದಕ್ಕೆ ಅದೊಂದೇ ಆಧಾರ. ಗಿಡ ಎಷ್ಟೇ ಹುಲುಸಾಗಿ ಬೆಳೆದಿರಲಿ, ಈ ವಿವರ ಇಲ್ಲವಾದರೆ ಅದು ನೆರಳು ಕೊಡುವ ಮರ ಮಾತ್ರ; ಮುಂದೊಂದು ದಿನ ಕಾಡಿಗೆ ಹಿಂದಿರುಗಿಸಬೇಕಾದಾಗ ಅದನ್ನು ಯಾವ ಕಾಡಿಗೆ ಒಯ್ಯಬೇಕೆಂದು ಹೇಳುವವರಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೂರನೆಯ ಮಳೆಗಾಲ ಎರಡು ಬೇರೆ ಬೇರೆ ಕಾಡುಗಳಿಂದ ಹೈಗ ಮತ್ತು ಕಿರಾಲ್‌ಬೋಗಿಯ ಬೀಜಗಳನ್ನು ತಂದು ತೊಟ್ಟೆಗಳಲ್ಲಿ ಹಾಕಿದೆವು. ಎರಡೂ ಹೋಪಿಯಾ ಕುಲದವು, ಎಳೆ ಸಸಿಗಳಲ್ಲಿ ಗೊಂದಲವಾಗುವುದು ಸುಲಭ. ಅಲ್ಯೂಮಿನಿಯಂ ಪಟ್ಟಿಗೆ ಮೊಳೆಯಿಂದ ಕೊರೆದು ಕಟ್ಟಬೇಕಾದ ಸಂಖ್ಯೆಯನ್ನು ಆಲಸ್ಯದಿಂದ ಪ್ಲಾಸ್ಟಿಕ್ ತುಂಡಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದು ಸಿಕ್ಕಿಸಿದ್ದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಅರ್ಧ ಅಳಿಸಿತು. ಉಳಿದ ಅರ್ಧವನ್ನು ಬಿಸಿಲು ಅಳಿಸಿತು. ದೀಪಾವಳಿಯ ಹೊತ್ತಿಗೆ ನಲವತ್ತು ಆರೋಗ್ಯವಂತ ಸಸಿಗಳಿದ್ದವು, ಒಂದಕ್ಕೂ ಊರಿರಲಿಲ್ಲ. ಎಲೆ ಬಲಿತ ಮೇಲೆ ಜಾತಿಯನ್ನು ಹೇಗೋ ಗುರುತಿಸಿದೆವು, ಆದರೆ ಯಾವ ಕಾಡಿನದೆಂದು ಗುರುತಿಸುವುದಕ್ಕೆ ಎಲೆ ಸಾಕಾಗಲಿಲ್ಲ. ಕೊನೆಗೆ ಅವುಗಳನ್ನು ರಸ್ತೆಬದಿಗೆ ನೆಟ್ಟರು. ಇಂದು ಆ ಮರಗಳು ಸೊಗಸಾಗಿವೆ ಎಂದು ನೋಡಿದವರು ಹೇಳುತ್ತಾರೆ. ನನಗೆ ಆ ದಾರಿಯಲ್ಲಿ ನಡೆಯುವಾಗ ಈಗಲೂ ಮುಜುಗರವಾಗುತ್ತದೆ.

ಬೀಜದ ವಿಷಯದಲ್ಲಿ ನಮ್ಮ ತೋಟದ ಅನುಭವ ಎಷ್ಟು ಸಹಾಯ ಮಾಡುತ್ತದೋ ಅಷ್ಟೇ ದಾರಿ ತಪ್ಪಿಸುತ್ತದೆ. ಸೌತೆ, ಬೆಂಡೆ, ಅಲಸಂಡೆಯ ಬೀಜವನ್ನು ನಮ್ಮ ಮನೆಗಳಲ್ಲಿ ಬಿಸಿಲಿಗೆ ಒಣಗಿಸಿ ಬೂದಿ ಬೆರೆಸಿ, ಅಟ್ಟದಲ್ಲಿ ಮುಂದಿನ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗೆ ಇಡುತ್ತಾರೆ. ಪಶ್ಚಿಮಘಟ್ಟದ ಮಳೆಕಾಡಿನ ಬಹಳಷ್ಟು ಮರಗಳ ಬೀಜಕ್ಕೆ ಹಾಗೆ ಒಣಗಿಸುವುದೆಂದರೆ ಕೊಲ್ಲುವುದು. ಧೂಪದ ಮರದ ಬೀಜ ನಮ್ಮ ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪಗಿರುತ್ತದೆ, ಮಳೆಯೊಂದಿಗೆ ನೆಲಕ್ಕೆ ಬೀಳುತ್ತದೆ, ಬಿದ್ದಲ್ಲೇ ಸಿಪ್ಪೆ ಸೀಳಿ ಮೊಳಕೆ ಹೊರಗೆ ಬರುತ್ತದೆ. ಹೈಗ, ರಾಮಪತ್ರೆ, ಪುನರ್ಪುಳಿ (ಕೋಕಂ) ಇವುಗಳದೂ ಹೆಚ್ಚು ಕಡಿಮೆ ಇದೇ ಸ್ವಭಾವ. ಇವುಗಳನ್ನು ಸಂಗ್ರಹಿಸಿದ ಮೇಲೆ ಹಸಿ ಪಾಚಿಯಲ್ಲೋ ಒದ್ದೆ ಗೋಣಿಯಲ್ಲೋ ಸುತ್ತಿ, ಗಾಳಿಯಾಡುವಂತೆ ಇಟ್ಟುಕೊಂಡು ಆದಷ್ಟು ಬೇಗ ಮಣ್ಣು ಸೇರಿಸಬೇಕು. ಶನಿವಾರ ತಂದ ಬೀಜವನ್ನು ಸೋಮವಾರ ನೋಡೋಣವೆಂದು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಅದು ಬೆವತು, ಬೂಷ್ಟು ಹಿಡಿದು ಹುಳಿವಾಸನೆ ಬರುತ್ತದೆ. ಹೀಗಾಗಿ ಈ ವೃತ್ತಿಯಲ್ಲಿ ರಜೆಯ ಲೆಕ್ಕವನ್ನು ಮರಗಳೇ ನಿರ್ಧರಿಸುತ್ತವೆ. ನೆಂಟರಿಷ್ಟರ ಮದುವೆಗಳನ್ನು ನಾನು ತಪ್ಪಿಸಿಕೊಂಡದ್ದು ಹೆಚ್ಚಾಗಿ ಜೂನ್ ಮತ್ತು ಜುಲೈಯಲ್ಲಿ.

ಎಷ್ಟು ಮರಗಳಿಂದ ಬೀಜ ತರಬೇಕು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ದಾರಿ ಬದಿಯ ಒಂದೇ ಮರದ ಕೆಳಗೆ ಕುಳಿತು ಚೀಲ ತುಂಬಿಸಿದರೆ ಸಾವಿರ ಸಸಿಗಳಾಗಬಹುದು, ಆದರೆ ಅವೆಲ್ಲ ಒಬ್ಬ ತಾಯಿಯ ಮಕ್ಕಳು. ಒಂದು ಜಾತಿಯನ್ನು ಉಳಿಸಬೇಕಾದರೆ ಒಂದಕ್ಕೊಂದು ದೂರವಿರುವ ಹಲವು ಮರಗಳಿಂದ ಸ್ವಲ್ಪ ಸ್ವಲ್ಪವೇ ತರಬೇಕು, ಮತ್ತು ಪ್ರತಿ ಮರದ ಬೀಜವನ್ನೂ ಬೇರೆಯಾಗಿಯೇ ಇಡಬೇಕು. ಪುನರ್ಪುಳಿಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ ಎಂಬುದು ನಿಮಗೆ ತಿಳಿದಿರಬಹುದು. ಕೃಷಿಕರು ಕಾಯಿ ಬೇಕೆಂದು ಹೆಣ್ಣುಮರದ ಕಸಿಗಿಡಗಳನ್ನೇ ಕೇಳುತ್ತಾರೆ, ಅದು ಸರಿ. ಸಸ್ಯೋದ್ಯಾನ ಮಾತ್ರ ಕಾಯಿ ಕೊಡದ ಗಂಡುಮರಕ್ಕೂ ಜಾಗ, ಗೊಬ್ಬರ, ಕೂಲಿ ಖರ್ಚು ಮಾಡಬೇಕಾಗುತ್ತದೆ. ವಾರ್ಷಿಕ ಲೆಕ್ಕ ತಪಾಸಣೆಗೆ ಬಂದವರಿಗೆ ಇದನ್ನು ವಿವರಿಸುವುದೂ ನಮ್ಮ ಕೆಲಸದ ಒಂದು ಭಾಗ.

ಈಗ ನಿಮ್ಮ ಊರಿನ ಸುತ್ತಲಿನ ಪದವುಗಳ, ಎಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ಬಯಲುಗಳ ವಿಷಯ. ಸ್ಥಳೀಯ ಸಸ್ಯವೆಂದರೆ ದೊಡ್ಡ ಮರಗಳೇ ಎಂದು ಹೊಸಬರು ಭಾವಿಸುತ್ತಾರೆ, ನಾನೂ ಹಾಗೆಯೇ ಭಾವಿಸಿದ್ದೆ. ಕಾಸರಗೋಡಿನ ಮುರಕಲ್ಲಿನ ಪದವುಗಳನ್ನು ಬೇಸಿಗೆಯಲ್ಲಿ ನೋಡಿದವರು ಬೋಳು ಎನ್ನುತ್ತಾರೆ, ಸರ್ಕಾರಿ ಕಾಗದಗಳಲ್ಲಿ ಅವು ಬಂಜರು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುವ ಈ ಜಾಗದಲ್ಲಿ ನಾಲ್ಕು ತಿಂಗಳು ಕಲ್ಲಿನ ಮೇಲೆ ಬೆರಳಿನಷ್ಟು ನೀರು ನಿಂತಿರುತ್ತದೆ, ಆಮೇಲೆ ಕಾಲಿಟ್ಟರೆ ಸುಡುತ್ತದೆ. ಆ ನಾಲ್ಕು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಮುಗಿಸುವ ಗೇಣುದ್ದದ ಗಿಡಗಳ ಒಂದು ಲೋಕವೇ ಅಲ್ಲಿದೆ: ಗುಂಡುಪಿನ್ನಿನ ತಲೆಯಂಥ ಬಿಳಿ ಹೂವಿನ ಎರಿಯೋಕಾಲಾನ್, ಎಲೆಯ ಅಂಟಿನಲ್ಲಿ ಸೊಳ್ಳೆ ಹಿಡಿಯುವ ಡ್ರಾಸೆರಾ, ಮತ್ತು ಓಣಂ ಸಮಯದಲ್ಲಿ ಮಲಯಾಳಿ ಮಕ್ಕಳು ಪೂಕ್ಕಳಕ್ಕೆಂದು (ಹೂವಿನ ರಂಗೋಲಿಗೆಂದು) ಕುಯ್ಯುವ, ಅವರು ಕಾಕ್ಕಪ್ಪೂವು ಎಂದು ಕರೆಯುವ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ. ಈ ಕೊನೆಯದರ ಬೇರಿನಂಥ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಸೂಕ್ಷ್ಮಜೀವಿಯೊಂದು ಚೀಲದ ಬಾಯಿಯ ಕೂದಲನ್ನು ಮುಟ್ಟಿತೆಂದರೆ ಬಾಗಿಲು ತೆರೆದು, ನೀರಿನೊಂದಿಗೆ ಅದನ್ನು ಒಳಕ್ಕೆಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಇದೆಲ್ಲ ನಾವು ಕಣ್ಣೆವೆ ಬಡಿಯುವುದಕ್ಕಿಂತ ಬೇಗ ಮುಗಿದಿರುತ್ತದೆ.

ಇವುಗಳನ್ನು ಉದ್ಯಾನದಲ್ಲಿ ಬೆಳೆಸಲು ಹೊರಟಾಗ ನಾವು ಮಾಡಿದ್ದೇನೆಂದರೆ, ಬೇರೆ ಗಿಡಗಳಿಗೆ ಮಾಡುವಂತೆಯೇ ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿ ಕುಂಡ ತುಂಬಿಸಿದ್ದು. ಹದಿನೈದು ದಿನಗಳಲ್ಲಿ ಕುಂಡದಲ್ಲಿ ಹುಲ್ಲು ಎದ್ದಿತು, ಪಾಚಿ ಕಟ್ಟಿತು, ನಮ್ಮ ಗಿಡಗಳು ಕೊಳೆತವು. ಎರಡನೆಯ ವರ್ಷ ಗೊಬ್ಬರ ಕಡಿಮೆ ಮಾಡಿದೆವು, ಫಲ ಅದೇ. ಆಮೇಲೆ ಹಿರಿಯ ತೋಟಗಾರರೊಬ್ಬರು ಕೇಳಿದ ಪ್ರಶ್ನೆ ಇಷ್ಟೇ: "ಹುಳ ಹಿಡಿದು ತಿನ್ನುವ ಗಿಡಕ್ಕೆ ಗೊಬ್ಬರ ಯಾಕೆ ಸಾರ್?" ಮಣ್ಣಿನಲ್ಲಿ ಸಾರವಿಲ್ಲದ್ದರಿಂದಲೇ ಆ ಗಿಡ ಹುಳ ಹಿಡಿಯಲು ಕಲಿತದ್ದು, ಸಾರವಿಲ್ಲದ್ದರಿಂದಲೇ ಅಲ್ಲಿ ದೊಡ್ಡ ಹುಲ್ಲು ಬಂದು ಅದನ್ನು ಮುಚ್ಚಿಹಾಕುವುದಿಲ್ಲ. ಮೂರನೆಯ ವರ್ಷ ಮುರಕಲ್ಲಿನ ಇಟ್ಟಿಗೆಗಳನ್ನು ಹಾಸಿ, ನಡುವೆ ತಗ್ಗು ಬಿಟ್ಟು, ಅದರಲ್ಲಿ ಎರಡು ಬೆರಳಿನಷ್ಟು ಜಲ್ಲಿಮಿಶ್ರಿತ ಕೆಂಪುಮಣ್ಣು ಮಾತ್ರ ಹಾಕಿದೆವು. ಕೊಳವೆಬಾವಿಯ ನೀರನ್ನು ಬಿಟ್ಟು ಮಳೆಯ ನೀರನ್ನೇ ನಿಲ್ಲಿಸಿದೆವು, ನವೆಂಬರ್ ಬಂದ ಮೇಲೆ ಒಂದು ಹನಿಯನ್ನೂ ಹಾಕಲಿಲ್ಲ. ಸುಟ್ಟು ಕರಕಲಾಗಿ ಏನೂ ಇಲ್ಲವೆಂಬಂತೆ ಕಾಣುತ್ತಿದ್ದ ಆ ತಗ್ಗಿನಲ್ಲಿ ಮುಂದಿನ ಜುಲೈಯಲ್ಲಿ ನೀಲಿ ಹೂಗಳೆದ್ದವು. ನೀರು ಹಾಕದೆ ಇರುವುದನ್ನು ಕಲಿಯುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು ಎಂದು ನಿಮ್ಮ ತಂದೆಯವರಿಗೆ ಹೇಳಿ.

ಇಂಥ ಪದವುಗಳಲ್ಲಿ "ಹಸಿರೀಕರಣ"ವೆಂದು ಆಸ್ಟ್ರೇಲಿಯಾದ ಅಕೇಶಿಯಾ ನೆಡುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮುರಕಲ್ಲಿನ ಕ್ವಾರಿ ಅಗೆದು ಹೋದ ಪದವು ಹಾಳಾಯಿತೆಂದು ಎಲ್ಲರಿಗೂ ಕಾಣುತ್ತದೆ. ಅಕೇಶಿಯಾದ ನೆರಳಿನಲ್ಲಿ, ಅದರ ಕೊಳೆಯದ ದರಗಿನ ಕೆಳಗೆ ಹಾಳಾದ ಪದವು ಹಸಿರಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಕಾಣುವುದಿಲ್ಲ.

ನಮ್ಮ ಜಿಲ್ಲೆಯ ಪೆರಿಯದಲ್ಲಿ ಮಳೆಗಾಲದ ತೋಡಿನಲ್ಲಿ ಮುಳುಗಿ ಬೆಳೆಯುವ, ಬಿಳಿಯ ಹೂ ಬಿಡುವ ಗೆಡ್ಡೆಯ ಗಿಡವೊಂದಿದೆ. ಕ್ರೈನಮ್ ಮಲಬಾರಿಕಮ್ ಎಂಬ ಹೆಸರಿನಲ್ಲಿ ವಿಜ್ಞಾನಕ್ಕೆ ಅದು ಪರಿಚಯವಾದದ್ದು 2012ರಲ್ಲಿ ಮಾತ್ರ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಹೂ, ಮರ, ಪಕ್ಷಿ, ಪ್ರಾಣಿಗಳನ್ನು ಘೋಷಿಸಿದಾಗ ಇದು ಜಿಲ್ಲೆಯ ಹೂವಾಯಿತು, ಕಾಸರ್ಕ ಎಂಬ ವಿಷದ ಮರ ಜಿಲ್ಲೆಯ ಮರವಾಯಿತು. ನಿಮ್ಮ ಕಾಲೇಜಿನಿಂದ ಅರ್ಧ ದಿನದ ದಾರಿಯೊಳಗೆ ಇಷ್ಟು ಇತ್ತೀಚೆಗೆ ಹೊಸ ಜಾತಿಯೊಂದು ಸಿಕ್ಕಿದೆಯೆಂದ ಮೇಲೆ, ಕೆಲಸ ಹುಡುಕಿಕೊಂಡು ದೂರ ಹೋಗುವ ಮೊದಲು ಇಲ್ಲಿಯ ತೋಡುಗಳನ್ನೊಮ್ಮೆ ನೋಡಿ ಬರಬಹುದು. ನೋಡಿ ಬರಬೇಕು ಎಂದೆ, ಕಿತ್ತು ತರಬೇಕು ಎನ್ನಲಿಲ್ಲ. ಸಂರಕ್ಷಿತ ಅರಣ್ಯದಿಂದ ಒಂದು ಎಲೆ ತರುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅಪರೂಪದ ಗೆಡ್ಡೆಗಿಡಗಳಿಗಂತೂ ಸಂಗ್ರಾಹಕರ ಉತ್ಸಾಹವೇ ಮೊದಲ ಅಪಾಯ.

ಕಾಸರ್ಕದ ಮಾತು ಬಂದದ್ದರಿಂದ ಭಾಷೆಯ ಬಗ್ಗೆ ನೀವು ಕೇಳಿದ್ದಕ್ಕೂ ಇಲ್ಲಿಯೇ ಉತ್ತರಿಸುತ್ತೇನೆ. ಆಟಿ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲು ಕಲ್ಲಿನಿಂದ ಜಜ್ಜಿ ತಂದ ಹಾಲೆಮರದ ಕೆತ್ತೆಯ ಕಷಾಯ ಕುಡಿಯುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಕತ್ತಲಿನಲ್ಲಿ ಹಾಲೆಯೆಂದು ಕಾಸರ್ಕದ ಕೆತ್ತೆ ತಂದು ಕುಡಿದು ಪ್ರಾಣಕ್ಕೆ ಕುತ್ತು ತಂದುಕೊಂಡ ಪ್ರಸಂಗಗಳು ನಮ್ಮ ಕಡೆ ನಡೆದಿವೆ. ಕಾಸರ್ಕದಲ್ಲಿರುವ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳು ಸ್ವಲ್ಪವೇ ಸಾಕು. ಹಗಲಿನಲ್ಲಿ ನೋಡಿದರೆ ತಪ್ಪುವ ಪ್ರಶ್ನೆಯೇ ಇಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನಲ್ಲಿ ನಾಲ್ಕರಿಂದ ಏಳರವರೆಗೆ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ, ಚಿವುಟಿದರೆ ಹಾಲು ಬರುತ್ತದೆ. ಕಾಸರ್ಕದ ಎಲೆಗಳು ಎದುರುಬದುರಾಗಿ ಎರಡೆರಡೇ, ತೊಟ್ಟಿನ ಬಳಿಯಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ, ಹಾಲು ಇಲ್ಲ. ಆದ್ದರಿಂದ ಅಮಾವಾಸ್ಯೆಯ ಹಿಂದಿನ ದಿನವೇ ಹಗಲಲ್ಲಿ ಮರ ನೋಡಿ ಗುರುತು ಕಟ್ಟಿ ಬರಬೇಕು. ಉದ್ಯಾನದಲ್ಲಿ ಆಟಿ ತಿಂಗಳು ಈ ಎರಡು ಮರಗಳ ಕೊಂಬೆಗಳನ್ನು ಅಕ್ಕಪಕ್ಕದಲ್ಲಿಟ್ಟು ಜನರಿಗೆ ತೋರಿಸುತ್ತಿದ್ದೆವು. ಆಗ ಫಲಕದಲ್ಲಿ ಲ್ಯಾಟಿನ್ ಹೆಸರು ಮಾತ್ರ ಇದ್ದರೆ ಯಾರಿಗೆ ಉಪಯೋಗ? ಹಾಲೆ, ತುಳುವಿನ ಪಾಲೆ, ಮಲಯಾಳದ ಏಳಿಲಂಪಾಲ ಒಂದೇ ಎಂದು ಮೂರು ಭಾಷೆಗಳಲ್ಲೂ ಹೇಳಬಲ್ಲವರು ಬೇಕಿತ್ತು.

ಅಂಥವರು ಗಡಿನಾಡಿನಲ್ಲೇ ಸಿಗುತ್ತಾರೆ. ನಮ್ಮ ಕರಾವಳಿಯ ಗಿಡಗಳ ಬಗ್ಗೆ ಅಚ್ಚಾದ ಮೊದಲ ದೊಡ್ಡ ಗ್ರಂಥವಾದ ಹೊರ್ತೂಸ್ ಮಲಬಾರಿಕೂಸ್‌ನ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬಂದಾಗ, ಡಚ್ ಅಧಿಕಾರಿ ವಾನ್ ರೀಡ್ ಎದುರು ಗಿಡಗಳ ಹೆಸರು, ಗುಣ ಹೇಳಿದವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಕನ್ನಡ ಮಾಧ್ಯಮ ನಿಮಗೆ ಕೊರತೆಯಲ್ಲ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಮಲಯಾಳ ಓದಲು, ಬರೆಯಲು ಕಲಿಯದೆ ಕೇರಳದ ಉದ್ಯಾನಗಳಲ್ಲಿ ಕೆಲಸ ಮಾಡುವುದು ಕಷ್ಟ. ಕೂಲಿಯವರ ಹಾಜರಿ ಪುಸ್ತಕ, ಅರಣ್ಯ ಇಲಾಖೆಯ ಪತ್ರ, ಮೇಸ್ತ್ರಿಯ ಚೀಟಿ ಎಲ್ಲವೂ ಅದರಲ್ಲೇ ಇರುತ್ತವೆ. ಮಾತನಾಡುವುದು ನಿಮಗೆ ಹೇಗೂ ಬರುತ್ತದೆ. ಅಕ್ಷರ ಕಲಿಯುವುದಕ್ಕೆ ಒಂದು ಬೇಸಿಗೆ ರಜೆ ಸಾಕು. ನನ್ನ ಮೊದಲ ವರ್ಷದ ಟಿಪ್ಪಣಿಗಳನ್ನು ನಾನು ಕನ್ನಡದಲ್ಲೇ ಬರೆದಿದ್ದೆ, ಬೇರೆಯವರಿಗೆ ಓದಲಾಗದೆ ಅವುಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಓದಿನ ವಿಷಯ. ಬಿ.ಎಸ್ಸಿ. ಸಸ್ಯಶಾಸ್ತ್ರ ಮುಗಿಸಿದವರಿಗೆ ಸಸ್ಯಶಾಸ್ತ್ರದ ಎಂ.ಎಸ್ಸಿ.ಯೇ ಸಹಜವಾದ ಮುಂದಿನ ಮೆಟ್ಟಿಲು, ಮತ್ತು ನಿಮ್ಮ ಜಿಲ್ಲೆಯಲ್ಲೇ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ವಿಭಾಗವಿದೆ. ಎಂ.ಎಸ್ಸಿ. ತೋಟಗಾರಿಕೆಗೆ ಸಾಮಾನ್ಯವಾಗಿ ತೋಟಗಾರಿಕೆ ಅಥವಾ ಕೃಷಿಯ ಪದವಿಯನ್ನೇ ಕೇಳುತ್ತಾರೆ, ಆದ್ದರಿಂದ ಆ ಬಾಗಿಲು ನಿಮಗೆ ಕಿರಿದು. ಪ್ಲಸ್‌ಟು ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಹೇಳಿ: ಪಡನ್ನಕ್ಕಾಡಿನ ಕೃಷಿ ಕಾಲೇಜು, ವೆಳ್ಳಾನಿಕ್ಕರದ ಅರಣ್ಯ ಕಾಲೇಜು, ಆಚೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜುಗಳು, ಪೊನ್ನಂಪೇಟೆಯ ಅರಣ್ಯ ಕಾಲೇಜು ಇವೆಲ್ಲ ಒಳ್ಳೆಯ ದಾರಿಗಳು, ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡಿಕೊಂಡು ಅರ್ಜಿ ಹಾಕಬೇಕು. ನನ್ನ ಅಭಿಪ್ರಾಯ ಕೇಳಿದರೆ, ಸಸ್ಯಶಾಸ್ತ್ರದವರಿಗೆ ಗಿಡದ ಹೆಸರು ಗೊತ್ತಿರುತ್ತದೆ, ಕಸಿ ಕಟ್ಟಲು ಬರುವುದಿಲ್ಲ. ತೋಟಗಾರಿಕೆಯವರಿಗೆ ಕಸಿ ಬರುತ್ತದೆ, ಹುಲ್ಲಿನ ಹೆಸರು ಗೊತ್ತಿರುವುದಿಲ್ಲ. ನೀವು ಮೊದಲನೆಯ ಗುಂಪಿನವರಾದ್ದರಿಂದ ಮುಂದಿನ ರಜೆಯಲ್ಲಿ ಒಂದು ಒಳ್ಳೆಯ ನರ್ಸರಿಯಲ್ಲಿ ಎರಡು ತಿಂಗಳು ಕುಳಿತು ಕಸಿ, ಗೂಟಿ, ಕಡ್ಡಿ ಬೇರು ಬರಿಸುವುದು ಇವನ್ನು ಕೈಯಾರೆ ಮಾಡಿ. ಕತ್ತಿ ಹಿಡಿದ ಬೆರಳಿಗೆ ನಾಲ್ಕಾರು ಗಾಯಗಳಾಗದೆ ಆ ಪಾಠ ಬರುವುದಿಲ್ಲ.

ಹೋಗಿ ನೋಡಬೇಕಾದ ಜಾಗಗಳೆಂದರೆ ತಿರುವನಂತಪುರದ ಬಳಿಯ ಪಾಲೋಡಿನಲ್ಲಿ 1979ರಲ್ಲಿ ಆರಂಭವಾದ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆ, ಕೋಝಿಕ್ಕೋಡಿನ ಮಲಬಾರ್ ಸಸ್ಯೋದ್ಯಾನ, ವಯನಾಡಿನ ಗುರುಕುಲ ಸಸ್ಯಧಾಮ, ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ. ನಿಮಗೆ ಎಲ್ಲಕ್ಕಿಂತ ಹತ್ತಿರದ್ದು ಮಂಗಳೂರಿನ ಪಿಲಿಕುಳ ನಿಸರ್ಗಧಾಮ. ಅಲ್ಲಿ ಪಶ್ಚಿಮಘಟ್ಟದ ಮರಗಳ ಸಂಗ್ರಹವಿದೆ, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಹೋದಾಗ ಮರಗಳಿಗಿಂತ ಮೊದಲು ಅವುಗಳ ಫಲಕ ನೋಡಿ.

ಸಂಬಳದ ಬಗ್ಗೆ ನೀವು ಕೇಳಲಿಲ್ಲ, ನಿಮ್ಮ ತಂದೆಯವರು ಕೇಳುತ್ತಾರೆ. ಮೊದಲ ಕೆಲವು ವರ್ಷ ಸಾಮಾನ್ಯವಾಗಿ ಯೋಜನೆಗಳ ಮೇಲಿನ ಗುತ್ತಿಗೆ ಕೆಲಸ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಹಣ ತಿಂಗಳಿಗೆ ಸರಿಯಾಗಿ ಬರುವುದೂ ಇಲ್ಲ. ಖಾಯಂ ಹುದ್ದೆಗಳು ಕಡಿಮೆ, ಅವು ಖಾಲಿಯಾಗುವುದು ಯಾರಾದರೂ ನಿವೃತ್ತರಾದಾಗ. ಆರು ವರ್ಷ ನಾನು ಗುತ್ತಿಗೆಯಲ್ಲೇ ಇದ್ದೆ, ಆ ಕಾಲದಲ್ಲಿ ಮನೆಯ ಅಡಿಕೆಯೇ ನನ್ನನ್ನು ಸಾಕಿತು. ನಿಮಗೂ ತೋಟವಿರುವುದು ಆ ದೃಷ್ಟಿಯಿಂದ ದೊಡ್ಡ ಅನುಕೂಲ.

ಇನ್ನು ನಿಮ್ಮ ಉಪ್ಪಾಗೆ. ಧೂಪದ ಬೀಜ ತಡಮಾಡಿದರೆ ಸಾಯುತ್ತದೆ ಎಂದೆ. ಉಪ್ಪಾಗೆಯದು ಇದಕ್ಕೆ ತಿರುವುಮುರುವು, ನಾವು ಅವಸರ ಮಾಡಿದರೆ ಕೆಡುತ್ತದೆ. ಹಣ್ಣಿನಿಂದ ತೆಗೆದು ತೊಳೆದ ತಾಜಾ ಬೀಜವನ್ನು ಹಾಗೆಯೇ ಹಾಕಿದರೆ ಅದು ಮೊಳೆಯುವುದಕ್ಕೆ ಐದರಿಂದ ಏಳು ತಿಂಗಳು ಬೇಕು. ನೀವು ಮಳೆಗಾಲದಲ್ಲಿ ಹಾಕಿ, ಎಂದಿನವರೆಗೆ ಕಾದಿರಿ ಎಂದು ಬರೆದಿಲ್ಲ. ಬಹುಶಃ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಕಳೆದ ಮೇಲೆ ಇನ್ನೇನೂ ಬರುವುದಿಲ್ಲವೆಂದು ತೊಟ್ಟೆಯ ಮಣ್ಣನ್ನು ಅಡಿಕೆಯ ಬುಡಕ್ಕೆ ಚೆಲ್ಲಿರುತ್ತೀರಿ, ಅಥವಾ ಮಳೆ ನಿಂತ ಮೇಲೆ ನೀರು ಹಾಕುವುದನ್ನು ಬಿಟ್ಟಿರುತ್ತೀರಿ. ಈ ಸಲ ಅರ್ಧ ಬೀಜಗಳ ಹೊರಗಿನ ಗಟ್ಟಿ ಸಿಪ್ಪೆಯನ್ನು, ಒಳಗಿನ ತಿರುಳಿಗೆ ಪೆಟ್ಟಾಗದಂತೆ, ಉಗುರಿನಿಂದಲೋ ಸಣ್ಣ ಚೂರಿಯಿಂದಲೋ ಬಿಡಿಸಿ ಹಾಕಿ. ಅವು ಒಂದೆರಡು ತಿಂಗಳೊಳಗೆ ಏಳುತ್ತವೆ. ಉಳಿದರ್ಧವನ್ನು ಸಿಪ್ಪೆ ಸಹಿತ ಬೇರೆ ತೊಟ್ಟೆಗಳಲ್ಲಿ ಹಾಕಿ, ನೆರಳಿನಲ್ಲಿಟ್ಟು, ತೇವ ಆರದಂತೆ ಏಳು ತಿಂಗಳವರೆಗೆ ನೋಡಿಕೊಳ್ಳಿ. ಯಾವ ಮರದ ಬೀಜ, ಯಾವ ದಿನ ಹಾಕಿದ್ದು ಎಂಬುದನ್ನು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಕೊರೆದು ಕಟ್ಟಿ. ಮೂರು ವರ್ಷಗಳ ಹಳೆಯ ಮಣ್ಣು ಸುರಿದಿದ್ದರೆ, ಸುರಿದ ಜಾಗವನ್ನೊಮ್ಮೆ ಹೋಗಿ ನೋಡಿ. ಅಡಿಕೆ ಮರದ ಬುಡದಲ್ಲಿ ದಪ್ಪನೆಯ ಹೊಳಪೆಲೆಯ ಸಸಿಗಳು ಎದ್ದಿರುವ ಸಾಧ್ಯತೆಯಿದೆ, ಕಳೆಯೆಂದು ನಿಮ್ಮ ತಂದೆಯವರು ಕಿತ್ತಿರದಿದ್ದರೆ.